ರಾಯಚೂರು ಸೀಮೆಯ ಇತಿಹಾಸದಲ್ಲಿ ರಾಸಾಯನಿಕ ಕ್ರಿಯೆಗಳು



ದೇವದುರ್ಗದಲ್ಲಿ ನನ್ನ ಕೈಕೆಳಗೆ ಓದಿ ಈಗ ಬೆಂಗಳೂರಿನಲ್ಲಿ ನೆಲೆಸಿರುವ ವಿದ್ಯಾರ್ಥಿಯೊಬ್ಬರು ಈಚೆಗೆ ದೂರವಾಣಿ ಮಾಡಿದ್ದರು. "ಸರ್, ನಮ್ಮ ಮಗಳು ಹತ್ತನೆತ್ತಿ ಇದ್ದಾಳ್ರಿ. ರಾಸಾಯನಿಕ ಕ್ರಿಯೆ ನಾಲ್ಕು ನಮೂನಿ ಅಂತ ಬಾಯಿಪಾಠ ಮಾಡಾಕತ್ಯಾಳ. ಇದನ್ನ ಕಲ್ತು ಏನ್ ಮಾಡೋದು ಅಂತ ನನ್ನ ಕೇಳ್ತಾಳ್ರಿ" ಎಂದರು. ಪ್ರಶ್ನೆ ಸಣ್ಣದಲ್ಲ. ಆ ಹುಡುಗಿಗೆ ದೂರವಾಣಿಯಲ್ಲಿ ಒಂದೆರಡು ಮಾತು ಹೇಳಿದೆನಾದರೂ ಉತ್ತರ ಪೂರ್ಣವಾಗಲಿಲ್ಲ. ಉಳಿದುದನ್ನು ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ಪಾಠವನ್ನು ನೆನಪಿಸಿಕೊಳ್ಳೋಣ. ಎರಡು ಅಥವಾ ಹೆಚ್ಚು ವಸ್ತುಗಳು ಕೂಡಿ ಒಂದೇ ವಸ್ತುವಾದರೆ ಅದು ಸಂಯೋಗ ಕ್ರಿಯೆ. ಒಂದೇ ವಸ್ತು ಒಡೆದು ಹಲವಾದರೆ ಅದು ವಿಭಜನ ಕ್ರಿಯೆ. ಹೆಚ್ಚು ಚುರುಕಾದ ಲೋಹವೊಂದು ಕಡಿಮೆ ಚುರುಕಿನ ಲೋಹವನ್ನು ಅದರ ಸಂಯುಕ್ತದಿಂದ ಹೊರದೂಡಿ ತಾನು ಆ ಸ್ಥಳದಲ್ಲಿ ಕುಳಿತರೆ ಅದು ಸ್ಥಾನಪಲ್ಲಟ. ಎರಡು ಸಂಯುಕ್ತಗಳು ತಮ್ಮ ಭಾಗಗಳನ್ನು ಪರಸ್ಪರ ಬದಲಾಯಿಸಿಕೊಂಡರೆ ಅದು ದ್ವಿಸ್ಥಾನಪಲ್ಲಟ. ಇವುಗಳ ಜೊತೆಗೆ ಉತ್ಕರ್ಷಣ, ಅಪಕರ್ಷಣ ಎಂಬ ಜೋಡಿ ಇದೆ. ಮೇಲಿನ ಅನೇಕ ಕ್ರಿಯೆಗಳ ಒಳಗೇ ಅದು ನಡೆಯುತ್ತಿರುತ್ತದೆ. ಸಮೀಕರಣದಲ್ಲಿ ಬಾಣದ ಎಡಗಡೆ ಪ್ರತಿವರ್ತಕಗಳು, ಬಲಗಡೆ ಉತ್ಪನ್ನಗಳು. ಎಡಗಡೆ ಎಷ್ಟು ತೂಕವೋ ಬಲಗಡೆಯೂ ಅಷ್ಟೇ ತೂಕ. ಫ್ರಾನ್ಸಿನ ಲವಾಸಿಯೆ 1789ರಲ್ಲಿ ಪ್ರಕಟಿಸಿದ ತನ್ನ ಗ್ರಂಥದಲ್ಲಿ ಈ ನಿಯಮವನ್ನು ಸ್ಪಷ್ಟವಾಗಿ ಹೇಳಿದನು.

ವಿಜ್ಞಾನದ ವಿದ್ಯಾರ್ಥಿ ಎಡದಿಂದ ಬಲಕ್ಕೆ ಓದುತ್ತಾನೆ: ಇದನ್ನೂ ಅದನ್ನೂ ಬೆರೆಸಿದರೆ ಏನಾಗುತ್ತದೆ? ಇತಿಹಾಸದ ವಿದ್ಯಾರ್ಥಿಯ ಓದು ಬಲದಿಂದ ಎಡಕ್ಕೆ. ಅವನಿಗೆ ದೊರೆಯುವುದು ಬೂದಿ, ಕಿಟ್ಟ, ಗಾರೆ, ತುಕ್ಕು, ಗಣಿಯ ಮಣ್ಣಿನ ದಿಬ್ಬ. ಇವೆಲ್ಲ ಬಾಣದ ಬಲಗಡೆಯ ವಸ್ತುಗಳು. ಇವುಗಳಿಂದ ಹಿಂದಕ್ಕೆ ನಡೆದು, ಯಾರು, ಯಾವಾಗ, ಏನನ್ನು ಸುಟ್ಟರು, ಏನನ್ನು ಕರಗಿಸಿದರು ಎಂದು ಅವನು ತಿಳಿಯಬೇಕು. ನಮ್ಮ ಕೃಷ್ಣಾ-ತುಂಗಭದ್ರಾ ದೋಆಬದ ಇತಿಹಾಸವನ್ನು ಹೀಗೆ ಓದಬಹುದೆಂದು ತೋರಿಸುವುದೇ ಈ ಲೇಖನದ ಉದ್ದೇಶ.

ಬೂದಿಗುಡ್ಡಗಳು

ಬಳ್ಳಾರಿ ಜಿಲ್ಲೆಯ ಕುಡತಿನಿಯಲ್ಲಿ ರಸ್ತೆಯ ಬದಿಗೆ ಒಂದು ಬೂದಿಗುಡ್ಡ ಇದೆ. ಇಂಥವು ನಮ್ಮ ದೋಆಬದಲ್ಲಿಯೂ ಸುತ್ತಲಿನ ಸೀಮೆಯಲ್ಲಿಯೂ ಹಲವಿವೆ. ರಾಕ್ಷಸರ ಚಿತೆ ಸುಟ್ಟ ಬೂದಿ ಎಂದು ಜನ ಕಥೆ ಹೇಳುವುದುಂಟು. 19ನೆಯ ಶತಮಾನದಲ್ಲಿ ಕೆಲವರು ಇದನ್ನು ಜ್ವಾಲಾಮುಖಿಯ ಬೂದಿಯೋ ಲೋಹ ಕರಗಿಸಿದ ಕಿಟ್ಟವೋ ಎಂದು ತರ್ಕಿಸಿದರು. ಭೂವಿಜ್ಞಾನಿ ರಾಬರ್ಟ್ ಬ್ರೂಸ್ ಫೂಟ್ ಇವು ನವಶಿಲಾಯುಗದ ಜನರ ದನಗಳ ಸಗಣಿ ಸುಟ್ಟ ಬೂದಿ ಎಂಬ ನಿಲುವಿಗೆ ಬಂದರು. ಮುಂದೆ ಲಿಂಗಸುಗೂರು ಸೀಮೆಯ ಪಿಕ್ಲಿಹಾಳದಲ್ಲಿಯೂ ಕೃಷ್ಣೆಯ ಆಚೆಯ ಉಟ್ನೂರಿನಲ್ಲಿಯೂ ಉತ್ಖನನ ನಡೆಸಿದ ಎಫ್. ಆರ್. ಆಲ್ಚಿನ್ ಅವರಿಗೆ ಉಟ್ನೂರಿನ ಬೂದಿಯ ಪದರಗಳ ನಡುವೆ ದನದ ದೊಡ್ಡಿಯ ಗೂಟದ ಕುಳಿಗಳೂ ಗೊರಸಿನ ಗುರುತುಗಳೂ ದೊರೆತವು. ಹೀಗೆ ಆ ನಿಲುವಿಗೆ ಆಧಾರ ಸಿಕ್ಕಿತು.

ಸಗಣಿಯಲ್ಲಿನ ಇಂಗಾಲ ಗಾಳಿಯ ಆಮ್ಲಜನಕದೊಡನೆ ಕೂಡಿ ಇಂಗಾಲದ ಡೈಆಕ್ಸೈಡ್ ಆಗಿ ಹೊರಟುಹೋಯಿತು. ಇದು ಸಂಯೋಗ ಕ್ರಿಯೆ. ಉರಿಯದ ಖನಿಜಾಂಶ ನೆಲದಲ್ಲಿ ಉಳಿಯಿತು. ಶಾಖ ಹೆಚ್ಚಿದ ಕಡೆ ಅದೇ ಕರಗಿ ಗಾಜಿನಂತೆ ಗಟ್ಟಿಯಾಯಿತು. ನಾಲ್ಕು ಸಾವಿರ ವರ್ಷಗಳಿಗೂ ಹಿಂದೆ ಇಲ್ಲಿ ಬಾಳಿದವರ ಭಾಷೆ ನಮಗೆ ತಿಳಿಯದು, ಅವರ ಹೆಸರು ತಿಳಿಯದು. ಅವರು ದನಗಾಹಿಗಳಾಗಿದ್ದರೆಂದು ತಿಳಿದದ್ದು ಒಂದು ದಹನಕ್ರಿಯೆಯ ಉಳಿಕೆಯಿಂದ.

ತಾಮ್ರ ಮತ್ತು ಕಬ್ಬಿಣ

ಮಾನ್ವಿ ಸೀಮೆಯ ಕಲ್ಲೂರಿನ ಹೆಸರು ಪುರಾತತ್ತ್ವದ ಗ್ರಂಥಗಳಲ್ಲಿ ಕಾಣಿಸುತ್ತದೆ. ಅಲ್ಲಿ ಪ್ರಾಚೀನ ತಾಮ್ರದ ಕತ್ತಿಗಳು ದೊರೆತವು. ಅವುಗಳ ಹಿಡಿಯ ತುದಿ ಕೀಟದ ಮೀಸೆಯಂತೆ ಎರಡಾಗಿ ಕವಲೊಡೆದಿದೆ. ಇಂಥ ಕತ್ತಿಗಳು ಹೆಚ್ಚಾಗಿ ಸಿಕ್ಕಿರುವುದು ದೂರದ ಗಂಗಾ-ಯಮುನಾ ಬಯಲಿನಲ್ಲಿ. ಅವು ಇಲ್ಲಿಗೆ ಹೇಗೆ ಬಂದವೆಂಬುದು ವಿದ್ವಾಂಸರ ಚರ್ಚೆಯ ವಿಷಯ. ನಾನು ಮಾನ್ವಿಯಲ್ಲಿದ್ದಾಗ, ಕಲ್ಲೂರಿನ ಕಡೆಯಿಂದ ಬರುತ್ತಿದ್ದ ಮಕ್ಕಳಿಗೆ ಈ ಸಂಗತಿ ಹೇಳಿದರೆ ಅವರ ಕಣ್ಣು ಅರಳುತ್ತಿದ್ದವು. ತಮ್ಮ ಊರಿನ ಹೆಸರು ಪುಸ್ತಕದಲ್ಲಿದೆ ಎಂಬ ಸಂತೋಷ ಅದು.

ತಾಮ್ರವಾಗಲಿ ಕಬ್ಬಿಣವಾಗಲಿ ಸಾಮಾನ್ಯವಾಗಿ ನೆಲದಲ್ಲಿ ಲೋಹವಾಗಿಯೇ ಸಿಗುವುದಿಲ್ಲ. ಆಮ್ಲಜನಕವನ್ನೋ ಗಂಧಕವನ್ನೋ ಹಿಡಿದುಕೊಂಡು ಕಲ್ಲಿನ ರೂಪದಲ್ಲಿರುತ್ತದೆ. ಆ ಹಿಡಿತವನ್ನು ಬಿಡಿಸಲು ಇದ್ದಿಲು ಬೇಕು. ಕುಲುಮೆಯಲ್ಲಿ ಇದ್ದಿಲು ಅರೆಬರೆ ಉರಿದು ಇಂಗಾಲದ ಮಾನಾಕ್ಸೈಡ್ ಆಗುತ್ತದೆ. ಅದು ಅದಿರಿನ ಆಮ್ಲಜನಕವನ್ನು ಕಸಿದುಕೊಂಡು ಡೈಆಕ್ಸೈಡ್ ಆಗುತ್ತದೆ. ಅದಿರು ಅಪಕರ್ಷಣಗೊಂಡಿತು, ಅನಿಲ ಉತ್ಕರ್ಷಣಗೊಂಡಿತು. ಒಂದರ ನಷ್ಟವೇ ಇನ್ನೊಂದರ ಲಾಭ. 1954ರಲ್ಲಿ ಬಿ. ಕೆ. ಥಾಪರ್ ಅವರು ಮಸ್ಕಿಯಲ್ಲಿ ನಡೆಸಿದ ಉತ್ಖನನದಲ್ಲಿ ಕಲ್ಲಿನ ಆಯುಧಗಳ ಪದರದ ಮೇಲೆ ಕಬ್ಬಿಣದ ಪದರ ಬಂದದ್ದು ಕಂಡಿತು. ಬಂಡೆಯನ್ನು ಕೊರೆಯುವ ಉಳಿ ಸಿದ್ಧವಾದ ಕಾಲ ಅದು. ಚಿನ್ನದ ಕಥೆಗೆ ಈ ಉಳಿಯೇ ಪೀಠಿಕೆ.

ಸುಣ್ಣ

ಕಪ್ಪು ನೆಲದ ನಮ್ಮ ಹೊಲಗಳಲ್ಲಿ ಬಿಳಿಯ ಸುಣ್ಣದ ಹರಳುಗಳು ಬೇಕಾದಷ್ಟು. ಹಿಂದೆ ಸುಣ್ಣಗಾರರು ಇವನ್ನು ಆಯ್ದು ತಂದು ಭಟ್ಟಿಯಲ್ಲಿ ಸುಡುತ್ತಿದ್ದರು. ವಿಭಜನ ಕ್ರಿಯೆಗೆ ಇದಕ್ಕಿಂತ ಒಳ್ಳೆಯ ಉದಾಹರಣೆ ಬೇಕಿಲ್ಲ. ನೂರು ಕಿಲೋ ಶುದ್ಧ ಸುಣ್ಣಕಲ್ಲನ್ನು ಪೂರ್ತಿ ಸುಟ್ಟರೆ 56 ಕಿಲೋ ಸುಟ್ಟ ಸುಣ್ಣ ಉಳಿಯುತ್ತದೆ. 44 ಕಿಲೋ ಇಂಗಾಲದ ಡೈಆಕ್ಸೈಡ್ ಆಗಿ ಗಾಳಿಗೆ ಸೇರುತ್ತದೆ. ಅದಕ್ಕೆ ನೀರು ಹೊಯ್ದರೆ ಬುಸುಗುಟ್ಟಿ, ಕುದಿದು, ಅರಳಿದ ಸುಣ್ಣವಾಗುತ್ತದೆ. ಇದು ಶಾಖ ಹೊರಬಿಡುವ ಸಂಯೋಗ. ಅದನ್ನು ಮರಳಿನೊಡನೆ ಅರೆದು ಗಾರೆ ಮಾಡಿ ಗೋಡೆಗೆ ಹಚ್ಚಿದರೆ, ವರ್ಷಗಟ್ಟಲೆ ಗಾಳಿಯಿಂದ ಇಂಗಾಲದ ಡೈಆಕ್ಸೈಡನ್ನು ಹೀರಿಕೊಂಡು ಮತ್ತೆ ಸುಣ್ಣಕಲ್ಲೇ ಆಗುತ್ತದೆ. ಕಲ್ಲಿನಿಂದ ಹೊರಟು ಕಲ್ಲಿಗೇ ಬಂದು ನಿಂತಂತಾಯಿತು.

ರಾಯಚೂರು ಕೋಟೆಯ ಒಳಗೋಡೆಯನ್ನು ಹತ್ತಿರ ನಿಂತು ನೋಡಿ. ಅದು ಕಾಕತೀಯರ ಕಾಲದ್ದು. 1294ರ ಶಾಸನ ಅದನ್ನು ಹೇಳುತ್ತದೆ. ಸುಮಾರು 41 ಅಡಿ ಉದ್ದದ ಒಂದೇ ಕಲ್ಲಿನ ಮೇಲೆ ಆ ಶಾಸನವಿದೆ. ಅಂಥ ಕಲ್ಲನ್ನು ಬಂಡಿಯ ಮೇಲೆ ಎಳೆದು ತಂದ ಚಿತ್ರವನ್ನೂ ಗೋಡೆಯಲ್ಲಿ ಕೊರೆದಿದ್ದಾರೆ. ಆ ಗೋಡೆಯ ಕಲ್ಲುಗಳ ನಡುವೆ ಗಾರೆ ಇಲ್ಲ. ತೂಕ ಮತ್ತು ಹೊಂದಿಕೆಯೇ ಅದನ್ನು ಹಿಡಿದಿವೆ. ಆ ಮೇಲೆ ಬಂದ ಬಹಮನಿ, ಆದಿಲ್‌ಶಾಹಿ ಕಾಲದ ಕಟ್ಟಡಗಳ ಕಮಾನು ಗುಮ್ಮಟಗಳಿಗೆ ಸುಣ್ಣದ ಗಾರೆ ಬೇಕೇ ಬೇಕು. ಹೀಗೆ ಒಂದೇ ಊರಿನಲ್ಲಿ ಭೌತಿಕ ಬಲದ ಮೇಲೆ ನಿಂತ ಗೋಡೆಯನ್ನೂ ರಾಸಾಯನಿಕ ಕ್ರಿಯೆಯಿಂದ ಬೆಸೆದ ಗೋಡೆಯನ್ನೂ ನೋಡಬಹುದು.

ಪೆಟ್ಲುಪ್ಪು

ಇದೇ ಕೋಟೆಗಾಗಿ 1520ರಲ್ಲಿ ಕೃಷ್ಣದೇವರಾಯನಿಗೂ ಬಿಜಾಪುರದ ಇಸ್ಮಾಯಿಲ್ ಆದಿಲ್ ಶಾಹನಿಗೂ ಯುದ್ಧ ನಡೆಯಿತು. ಪೋರ್ಚುಗೀಸ್ ಲೇಖಕ ನೂನಿಜ್ ಇದನ್ನು ವಿವರವಾಗಿ ಬರೆದಿದ್ದಾನೆ. ಕ್ರಿಸ್ಟೋವಾವೊ ದ ಫಿಗೈರೆಡೊ ಎಂಬವನ ಜೊತೆಗಿದ್ದ ಪೋರ್ಚುಗೀಸ್ ಬಂದೂಕುಗಾರರು ಕೋಟೆಯ ಮೇಲಿನವರನ್ನು ಗುರಿಯಿಟ್ಟು ಹೊಡೆಯುತ್ತಿದ್ದರೆ, ರಾಯನ ಆಳುಗಳು ಕೆಳಗೆ ಗೋಡೆಯ ಕಲ್ಲು ಕೀಳುತ್ತಿದ್ದರು. ಕೋಟೆಯ ಅಧಿಕಾರಿ ಬಗ್ಗಿ ನೋಡಲು ಹೋಗಿ ಹಣೆಗೆ ಗುಂಡು ತಗುಲಿ ಸತ್ತನು; ಕೋಟೆ ರಾಯನ ವಶವಾಯಿತು.

ಆ ಬಂದೂಕುಗಳನ್ನು ನಡೆಸಿದ್ದು ಮದ್ದು. ಪೆಟ್ಲುಪ್ಪು ಸ್ಥೂಲವಾಗಿ ಮುಕ್ಕಾಲು ಪಾಲು, ಉಳಿದದ್ದು ಇದ್ದಿಲು ಮತ್ತು ಗಂಧಕ. ಇದ್ದಿಲು, ಗಂಧಕಗಳು ಉರಿಯುವ ವಸ್ತುಗಳು. ಪೆಟ್ಲುಪ್ಪು ಆಮ್ಲಜನಕವನ್ನು ತನ್ನೊಳಗೇ ಹೊತ್ತು ತರುತ್ತದೆ. ಹೊರಗಿನ ಗಾಳಿಗಾಗಿ ಕಾಯಬೇಕಾಗಿಲ್ಲದ ಕಾರಣ ಕ್ಷಣಮಾತ್ರದಲ್ಲಿ ಎಲ್ಲವೂ ಉರಿದು ಅನಿಲವಾಗಿ ಹಿಗ್ಗುತ್ತದೆ, ಗುಂಡನ್ನು ದೂಡುತ್ತದೆ.

ಪೆಟ್ಲುಪ್ಪು ತಯಾರಿಸುವ ಹಳೆಯ ರೀತಿಯಲ್ಲಿ ದ್ವಿಸ್ಥಾನಪಲ್ಲಟ ಅಡಗಿದೆ. ಹಳೆಯ ಮನೆಗಳ, ದನದ ಕೊಟ್ಟಿಗೆಗಳ ನೆಲದ ಮಣ್ಣಿನಲ್ಲಿ ಸೂಕ್ಷ್ಮಜೀವಿಗಳ ಕೆಲಸದಿಂದ ಕ್ಯಾಲ್ಸಿಯಂ ನೈಟ್ರೇಟ್ ಕೂಡಿಕೊಂಡಿರುತ್ತದೆ. ಮಣ್ಣನ್ನು ನೀರಿನಲ್ಲಿ ಸೋಸಿ, ಆ ನೀರಿಗೆ ಕಟ್ಟಿಗೆಯ ಬೂದಿ ಬೆರೆಸುತ್ತಾರೆ. ಬೂದಿಯಲ್ಲಿರುವುದು ಪೊಟ್ಯಾಸಿಯಂ ಕಾರ್ಬೊನೇಟ್. ಎರಡೂ ಲವಣಗಳು ಜೊತೆಗಾರರನ್ನು ಬದಲಾಯಿಸಿಕೊಳ್ಳುತ್ತವೆ: ಕ್ಯಾಲ್ಸಿಯಂ ಕಾರ್ಬೊನೇಟ್ ಬಿಳಿಯ ಗಸಿಯಾಗಿ ತಳಕ್ಕಿಳಿಯುತ್ತದೆ, ಪೊಟ್ಯಾಸಿಯಂ ನೈಟ್ರೇಟ್, ಅಂದರೆ ಪೆಟ್ಲುಪ್ಪು, ನೀರಿನಲ್ಲಿ ಉಳಿಯುತ್ತದೆ. ನೀರನ್ನು ಬತ್ತಿಸಿ ಆರಿಸಿದರೆ ಹರಳುಗಟ್ಟುತ್ತದೆ. ಕೊಟ್ಟಿಗೆಯ ಮಣ್ಣು, ಒಲೆಯ ಬೂದಿ! ಇವೆರಡೂ ಸೇರಿ ಕೋಟೆಗಳ ಭವಿಷ್ಯವನ್ನು ನಿರ್ಧರಿಸಿದವು.

ಹಟ್ಟಿಯ ಚಿನ್ನ

ಈಗ ಚಿನ್ನಕ್ಕೆ ಬರೋಣ. ಹಟ್ಟಿ-ಮಸ್ಕಿ ಶಿಲಾಪಟ್ಟಿ ನಮ್ಮ ಜಿಲ್ಲೆಯ ಹೆಮ್ಮೆ. ಲಿಂಗಸುಗೂರು ತಾಲ್ಲೂಕಿನ ಹಟ್ಟಿಯಲ್ಲಿ ಪ್ರಾಚೀನರು ಸುಮಾರು 640 ಅಡಿ ಆಳದವರೆಗೆ ಗಣಿ ಇಳಿಸಿದ್ದರು. ಆ ಗಣಿಗಳಲ್ಲಿ ಸಿಕ್ಕ ಮರದ ತುಂಡುಗಳ ಕಾಲವನ್ನು ವಿಕಿರಣ ಇಂಗಾಲದ ವಿಧಾನದಿಂದ ಅಳೆದಾಗ ಸುಮಾರು ಎರಡು ಸಾವಿರ ವರ್ಷ ಹಿಂದಿನವೆಂದು ತಿಳಿದುಬಂದಿತು. ಯಂತ್ರವಿಲ್ಲ, ಸಿಡಿಮದ್ದಿಲ್ಲ. ಬಂಡೆಯ ಮುಖಕ್ಕೆ ಕಟ್ಟಿಗೆ ಒಟ್ಟಿ ಬೆಂಕಿ ಹಾಕಿ, ಬಿಸಿಯಾಗಿ ಬಿರಿದ ಕಲ್ಲನ್ನು ಉಳಿಯಿಂದ ಕೀಳುತ್ತಿದ್ದರು. ಮೇಲೆ ತಂದ ಬೆಣಚುಕಲ್ಲನ್ನು ಬಂಡೆಗಳಲ್ಲಿ ತೋಡಿದ ಒರಳುಗಳಲ್ಲಿ ಕುಟ್ಟಿ, ನೀರಿನಲ್ಲಿ ತೊಳೆದು, ತಳದಲ್ಲಿ ನಿಂತ ಚಿನ್ನದ ಕಣ ಆರಿಸುತ್ತಿದ್ದರು.

ಇಲ್ಲಿ ಒಂದು ಪ್ರಶ್ನೆಯನ್ನು ನಾನು ತರಗತಿಯಲ್ಲಿ ಕೇಳುತ್ತಿದ್ದೆ. ಈ ಕೆಲಸದಲ್ಲಿ ರಾಸಾಯನಿಕ ಕ್ರಿಯೆ ಯಾವುದು? ಕಟ್ಟಿಗೆ ಉರಿದದ್ದು ಮಾತ್ರ. ಬಂಡೆ ಬಿರಿದದ್ದು ಭೌತಿಕ ಬದಲಾವಣೆ, ಕುಟ್ಟಿದ್ದು, ತೊಳೆದದ್ದು ಭೌತಿಕ. ಚಿನ್ನ ಮಾತ್ರ ಮೊದಲಿನಿಂದ ಕೊನೆಯವರೆಗೆ ಚಿನ್ನವಾಗಿಯೇ ಇತ್ತು. ಅದು ಯಾವುದರೊಡನೆಯೂ ಸುಲಭವಾಗಿ ಕೂಡದು. ಆದ್ದರಿಂದಲೇ ನೆಲದಲ್ಲಿ ಲೋಹವಾಗಿಯೇ ಸಿಗುತ್ತದೆ, ಮೈಮೇಲೆ ಮಾಸದೆ ಉಳಿಯುತ್ತದೆ. ಆದರೆ ಕಣ್ಣಿಗೆ ಕಾಣದಷ್ಟು ಸಣ್ಣ ಕಣವನ್ನು ಒರಳೂ ನೀರೂ ಹಿಡಿಯಲಾರವು. ಪ್ರಾಚೀನರು ಬಿಟ್ಟುಹೋದ ಮಣ್ಣಿನಲ್ಲಿ ಅಂಥ ಚಿನ್ನ ಉಳಿದೇ ಇತ್ತು.

ಅದನ್ನು ಹಿಡಿಯಲು ಚಿನ್ನವನ್ನೂ ಕ್ರಿಯೆಗೆ ಒಳಪಡಿಸಬೇಕಾಯಿತು. ಗಾಳಿಯ ಆಮ್ಲಜನಕವಿದ್ದರೆ ಸೈನೈಡ್ ದ್ರಾವಣದಲ್ಲಿ ಚಿನ್ನ ಕರಗುತ್ತದೆಂಬುದನ್ನು ಜರ್ಮನಿಯ ಎಲ್ಸ್ನರ್ 1846ರಲ್ಲಿ ವಿವರಿಸಿದ್ದನು. 1887ರಲ್ಲಿ ಗ್ಲಾಸ್ಗೋ ನಗರದ ಜಾನ್ ಸ್ಟುವರ್ಟ್ ಮ್ಯಾಕ್‌ಆರ್ಥರ್ ಹಾಗೂ ಫಾರೆಸ್ಟ್ ಸಹೋದರರು ಇದನ್ನು ಗಣಿಗೆ ಒಗ್ಗುವ ವಿಧಾನವಾಗಿಸಿ ಹಕ್ಕುಪತ್ರ ಪಡೆದರು. ಅರೆದ ಅದಿರನ್ನು ತೆಳುವಾದ ಸೋಡಿಯಂ ಸೈನೈಡ್ ದ್ರಾವಣದಲ್ಲಿ ಇಟ್ಟರೆ ಚಿನ್ನ ಉತ್ಕರ್ಷಣಗೊಂಡು ನೀರಿಗಿಳಿಯುತ್ತದೆ. ಆ ದ್ರಾವಣಕ್ಕೆ ಸತುವಿನ ಪುಡಿ ಹಾಕಿದರೆ ಸತು ಕರಗಿ ಚಿನ್ನದ ಸ್ಥಳ ಹಿಡಿಯುತ್ತದೆ, ಚಿನ್ನ ಕಪ್ಪು ಕೆಸರಿನಂತೆ ಹೊರಬೀಳುತ್ತದೆ. ಮೈಲುತುತ್ತದ ದ್ರಾವಣದಲ್ಲಿ ಕಬ್ಬಿಣದ ಮೊಳೆ ಇಟ್ಟು ಕೆಂಪು ತಾಮ್ರ ಅಂಟುವುದನ್ನು ನೀವೆಲ್ಲ ಪ್ರಯೋಗಾಲಯದಲ್ಲಿ ನೋಡಿದ್ದೀರಿ. ಅದೇ ಸ್ಥಾನಪಲ್ಲಟ ಇದು. ಮುಂದೆ ಅನೇಕ ಗಣಿಗಳಲ್ಲಿ ಸತುವಿನ ಬದಲು ಸಕ್ರಿಯಗೊಳಿಸಿದ ಇದ್ದಿಲು ಬಂದಿತು. ಚಿನ್ನ ಅದರ ಮೈಗೆ ಅಂಟಿಕೊಳ್ಳುತ್ತದೆ.

ಈ ದ್ರಾವಣಕ್ಕೆ ಆಮ್ಲ ತಗುಲಬಾರದು. ತಗುಲಿದರೆ ದ್ವಿಸ್ಥಾನಪಲ್ಲಟವಾಗಿ ಹೈಡ್ರೋಜನ್ ಸೈನೈಡ್ ಎಂಬ ಘೋರ ವಿಷಾನಿಲ ಏಳುತ್ತದೆ. ಅದನ್ನು ತಡೆಯಲು ದ್ರಾವಣಕ್ಕೆ ಬೆರೆಸುವುದು ಏನನ್ನು ಗೊತ್ತೇ? ನಮ್ಮ ಭಟ್ಟಿಯ ಅದೇ ಸುಣ್ಣವನ್ನು.

ಹೈದರಾಬಾದ್ ಸಂಸ್ಥಾನದ ಕಾಲದಲ್ಲಿ, 20ನೆಯ ಶತಮಾನದ ಮೊದಲೆರಡು ದಶಕಗಳಲ್ಲಿ ಹಟ್ಟಿ ಗಣಿ ನಡೆದು ನಿಂತಿತು. ಆ ದಿನಗಳಲ್ಲಿಯೇ, 1915ರಲ್ಲಿ, ಸಿ. ಬೀಡನ್ ಎಂಬ ಗಣಿ ಎಂಜಿನಿಯರರು ಮಸ್ಕಿಯಲ್ಲಿ ಅಶೋಕನ ಶಾಸನವನ್ನು ಕಂಡರು. ಅಶೋಕ ಎಂಬ ಹೆಸರನ್ನೇ ಹೊತ್ತ ಶಾಸನ ಮೊದಲು ದೊರೆತದ್ದು ಅಲ್ಲಿ. 1947ರಲ್ಲಿ ಸ್ಥಾಪನೆಯಾದ ಕಂಪನಿ ಗಣಿಯನ್ನು ಮತ್ತೆ ನಡೆಸಿತು; 1956ರ ರಾಜ್ಯ ಪುನರ್ವಿಂಗಡಣೆಯಲ್ಲಿ ಜಿಲ್ಲೆಯೊಂದಿಗೆ ಗಣಿಯೂ ನಮ್ಮ ರಾಜ್ಯಕ್ಕೆ ಬಂದಿತು. 2001ರಲ್ಲಿ ಕೋಲಾರದ ಗಣಿಗಳು ಮುಚ್ಚಿದ ಮೇಲೆ ದೇಶದ ಚಿನ್ನದ ಗಣಿಗಾರಿಕೆಯಲ್ಲಿ ಹಟ್ಟಿಯ ಹೆಸರೇ ಮುಂದಾಯಿತು. ನಮ್ಮ ದೇವದುರ್ಗ ತಾಲ್ಲೂಕಿನ ಊಟಿಯಲ್ಲಿಯೂ ಚಿನ್ನದ ಗಣಿಗಾರಿಕೆ ನಡೆಯಿತು. (ಬೆಟ್ಟದ ಊಟಿಯಲ್ಲ, ಬಿಸಿಲಿನ ಊಟಿ!)

ಚಿನ್ನದ ಜೊತೆಗಾರ

ಒಂದು ಟನ್ ಅದಿರಿನಲ್ಲಿ ಚಿನ್ನ ಇರುವುದು ಕೆಲವೇ ಗ್ರಾಂ. ಉಳಿದ 999 ಕಿಲೋಗಿಂತ ಹೆಚ್ಚಿನ ಮಣ್ಣು ದಿಬ್ಬವಾಗುತ್ತದೆ. ಅದೂ ಬಾಣದ ಬಲಗಡೆಯದೇ. ನಮ್ಮ ಭಾಗದ ಚಿನ್ನದ ಶಿಲೆಗಳಲ್ಲಿ ಆರ್ಸೆನೊಪೈರೈಟ್ ಎಂಬ ಖನಿಜವಿರುತ್ತದೆ. ಕಬ್ಬಿಣ, ಆರ್ಸೆನಿಕ್, ಗಂಧಕ ಮೂರೂ ಕೂಡಿದ್ದು. ಆಳದಲ್ಲಿ, ಗಾಳಿ ತಗುಲದಿರುವಾಗ ಅದು ಸುಮ್ಮನಿರುತ್ತದೆ. ಗಾಳಿ, ನೀರು ತಗುಲಿದರೆ ನಿಧಾನವಾಗಿ ಉತ್ಕರ್ಷಣಗೊಳ್ಳುತ್ತದೆ. ಆರ್ಸೆನಿಕ್ ನೀರಿಗೆ ಸೇರಬಹುದು.

ಇದು ಪುಸ್ತಕದ ಮಾತಷ್ಟೇ ಆಗಿ ಉಳಿಯಲಿಲ್ಲ. ಕೃಷ್ಣೆಯ ಆಚೆ, ಯಾದಗಿರಿ ಜಿಲ್ಲೆಯ ಸುರಪುರ ಸೀಮೆಯಲ್ಲಿ ಮಂಗಳೂರು ಎಂಬ ಊರಿನ ಹಳೆಯ ಚಿನ್ನದ ಗಣಿಗಳ ಹತ್ತಿರ ಕಿರದಳ್ಳಿ ತಾಂಡಾ ಇದೆ. ಅಲ್ಲಿನ ಕೊಳವೆಬಾವಿಯ ನೀರಿನಲ್ಲಿ ಆರ್ಸೆನಿಕ್ ಮಿತಿಮೀರಿದ್ದುದೂ ಅದನ್ನು ಕುಡಿದವರ ಚರ್ಮದ ಮೇಲೆ ಕಲೆ, ಗಂಟುಗಳು ಮೂಡಿದ್ದುದೂ 2013ರಲ್ಲಿ ಪ್ರಕಟವಾದ ವೈಜ್ಞಾನಿಕ ಅಧ್ಯಯನದಲ್ಲಿ ದಾಖಲಾಗಿದೆ. ವಿಶ್ವ ಆರೋಗ್ಯ ಸಂಸ್ಥೆ ಸೂಚಿಸಿರುವ ಮಿತಿ ಲೀಟರಿಗೆ 0.01 ಮಿಲಿಗ್ರಾಂ. ಆರ್ಸೆನಿಕ್‌ಗೆ ಬಣ್ಣವಿಲ್ಲ, ನೀರಿನಲ್ಲಿ ರುಚಿಯಿಲ್ಲ, ವಾಸನೆಯಿಲ್ಲ. ನೀರನ್ನು ಕುದಿಸಿದರೆ ಹೋಗುವುದಿಲ್ಲ. ನೀರು ಆವಿಯಾದಷ್ಟೂ ಅದು ಸಾಂದ್ರವಾಗುತ್ತದೆ. ಅದನ್ನು ಹಿಡಿಯುವ ಸುಲಭ ವಸ್ತುಗಳಲ್ಲಿ ಒಂದು ಕಬ್ಬಿಣದ ತುಕ್ಕು. ಆರ್ಸೆನಿಕ್ ಅದರ ಮೈಗೆ ಅಂಟಿಕೊಳ್ಳುತ್ತದೆ. ಕೆಲವು ಶುದ್ಧೀಕರಣ ಘಟಕಗಳು ಈ ಗುಣವನ್ನೇ ಬಳಸುತ್ತವೆ. ನಾವು ಹಾಳೆಂದು ತಿಳಿಯುವ ಸಂಯೋಗ ಕ್ರಿಯೆಯ ಫಲ ಇಲ್ಲಿ ರಕ್ಷಕ.

ಇದೇ ಲೆಕ್ಕವನ್ನು ಶಕ್ತಿನಗರಕ್ಕೂ ಹಾಕಿ. ರಾಯಚೂರು ಉಷ್ಣ ವಿದ್ಯುತ್ ಸ್ಥಾವರದ ಮೊದಲ ಘಟಕ 1985ರಲ್ಲಿ ಆರಂಭವಾಯಿತು. ಎಂಟು ಘಟಕಗಳ ಒಟ್ಟು ಸಾಮರ್ಥ್ಯ 1720 ಮೆಗಾವಾಟ್. ಅಲ್ಲಿ ದುಡಿದು ಮನೆ ಕಟ್ಟಿದವರು, ಮಕ್ಕಳನ್ನು ಓದಿಸಿದವರು ನಿಮ್ಮಲ್ಲಿಯೇ ಇದ್ದೀರಿ. ಹನ್ನೆರಡು ಕಿಲೋ ಇಂಗಾಲ 32 ಕಿಲೋ ಆಮ್ಲಜನಕದೊಡನೆ ಕೂಡಿ 44 ಕಿಲೋ ಇಂಗಾಲದ ಡೈಆಕ್ಸೈಡ್ ಆಗುತ್ತದೆ. ನಮ್ಮ ದೇಶದ ಕಲ್ಲಿದ್ದಲಿನಲ್ಲಿ ಮೂರನೆಯ ಒಂದು ಪಾಲಿನಷ್ಟು ಬೂದಿಯೇ. ಆ ಬೂದಿ ಸುಣ್ಣದೊಡನೆ, ನೀರಿನೊಡನೆ ಕೂಡಿ ಗಟ್ಟಿಯಾಗುವ ಗುಣವುಳ್ಳದ್ದರಿಂದ ಸಿಮೆಂಟಿಗೂ ಇಟ್ಟಿಗೆಗೂ ಬಳಕೆಯಾಗುತ್ತದೆ. ಬಳಕೆಯಾಗದೆ ಉಳಿದದ್ದು ಹೊಂಡದಲ್ಲಿ ಉಳಿಯುತ್ತದೆ. ನವಶಿಲಾಯುಗದ ದನಗಾಹಿಗಳಂತೆ ನಾವೂ ಬೂದಿಗುಡ್ಡ ಕಟ್ಟುತ್ತಿದ್ದೇವೆ.

ಗಣಿ ಬೇಡ, ವಿದ್ಯುತ್ ಬೇಡ ಎಂಬುದು ನನ್ನ ಅಭಿಪ್ರಾಯವಲ್ಲ. ಹಟ್ಟಿಯಿಂದಲೂ ಶಕ್ತಿನಗರದಿಂದಲೂ ನಮ್ಮ ಜಿಲ್ಲೆಯ ಎಷ್ಟೋ ಮನೆಗಳಲ್ಲಿ ಒಲೆ ಉರಿದಿದೆ. ನಾನು ಹೇಳುವುದು ಇಷ್ಟೇ: ಸಮೀಕರಣವನ್ನು ಸರಿದೂಗಿಸುವಾಗ ನಮಗೆ ಬೇಕಾದ ಉತ್ಪನ್ನವನ್ನು ಮಾತ್ರ ಬರೆದು ಬೇಡವಾದದ್ದನ್ನು ಬಿಟ್ಟರೆ ಪರೀಕ್ಷೆಯಲ್ಲಿ ಅಂಕ ಹೋಗುತ್ತದೆ; ಊರಿನಲ್ಲಿಯಾದರೆ ಯಾರದೋ ಆರೋಗ್ಯ ಹೋಗುತ್ತದೆ. ಮಗು ಕೇಳಿದ ಪ್ರಶ್ನೆಗೆ ನನ್ನ ಉತ್ತರ ಇದೇ. ಕ್ರಿಯೆಯ ಬಗೆಗಳನ್ನು ಕಲಿಯುವುದು ಎರಡೂ ಕಡೆಯ ಲೆಕ್ಕ ಇಡುವುದಕ್ಕೆ.

ಹಟ್ಟಿ-ಮಸ್ಕಿ ಪಟ್ಟಿಯ ಹಳ್ಳಿಗಳಲ್ಲಿ ನಮ್ಮ ಬಂಧುಗಳು ಅನೇಕರಿದ್ದಾರೆ. ಕೊಳವೆಬಾವಿಯ ನೀರು ಕುಡಿಯುವವರು ಒಮ್ಮೆ ಆರ್ಸೆನಿಕ್ ಪರೀಕ್ಷೆ ಮಾಡಿಸಿರಿ ಎಂದು ಪ್ರಾರ್ಥನೆ. ಊರಿನ ಶಾಲೆಯಲ್ಲಿ ವಿಜ್ಞಾನ ಹೇಳುತ್ತಿರುವ ನನ್ನ ಶಿಷ್ಯರು ಮಕ್ಕಳನ್ನು ಜೊತೆಗಿಟ್ಟುಕೊಂಡು ಈ ಕೆಲಸ ಮಾಡಿಸಿದರೆ ಪಾಠವೂ ಆಯಿತು, ಉಪಕಾರವೂ ಆಯಿತು.

ಕೋಟೆಯ 41 ಅಡಿ ಶಾಸನದ ವಿಷಯ ಇನ್ನೂ ಬರೆಯುವುದಿದೆ. ಮುಂದಿನ ಬರಹದಲ್ಲಿ ನೋಡೋಣ. ಎಲ್ಲರಿಗೂ ಶುಭವಾಗಲಿ.